ಗಾದ್ರಪ್ಪ ಚೊಗರು ಹಚ್ಚಿದ ಹನ್ನೆರಡು ವರ್ಷ

ಚನ್ನಗಿರಿಯ ಕೋಟೆಗುಡ್ಡದ ಬುಡದಲ್ಲಿ ನಾಗರಾಜಪ್ಪನವರ ಅಡಿಕೆ ಕಣ. ಕಣದ ಮೂಲೆಯಲ್ಲಿ ಮೂರು ಒಲೆ, ಒಲೆಗಳ ಮೇಲೆ ಮೂರು ತಾಮ್ರದ ಹಂಡೆ, ಹಂಡೆಗಳ ನಡುವೆ ಪಂಚೆ ಎತ್ತಿ ಕಟ್ಟಿ ನಿಂತ ಗಾದ್ರಪ್ಪ. ಅಡಿಕೆ ಬೆಂದಿದೆಯೋ ಇಲ್ಲವೋ ಅಂತ ಬೇರೆಯವರು ಒಂದೆರಡು ತೆಗೆದು ಕತ್ತರಿಸಿ ನೋಡಬೇಕು. ಇವನಿಗೆ ಆವಿಯ ವಾಸನೆಯೇ ಸಾಕು. "ಇಳಿಸ್ರಿ" ಅಂದನೋ ಇಳಿಸಬೇಕು. ಒಂದೇ ಒಂದು ದಿನ ಬಿಟ್ಟರೆ, ಹಂಡೆ ಕೆಟ್ಟಿತು ಅನ್ನೋ ಮಾತು ಅವನ ಕಾಲದಲ್ಲಿ ಆ ಕಣದಲ್ಲಿ ಹುಟ್ಟಲಿಲ್ಲ.

ಅಡಿಕೆ ಬೆಂದ ನೀರಿಗೆ ಚೊಗರು ಅಂತಾರೆ. ರಕ್ತದಂಥ ಬಣ್ಣ. ನಾಲಿಗೆಗೆ ತಾಗಿದರೆ ನಾಲಿಗೆ ಒಳಕ್ಕೆ ಎಳೆದುಕೊಳ್ಳಬೇಕು, ಅಷ್ಟು ಒಗರು. ಒಂದು ಸಲ ಬೇಯಿಸಿದ ಚೊಗರನ್ನು ಚೆಲ್ಲುವುದಿಲ್ಲ. ಮುಂದಿನ ಹಂಡೆಗೆ ಹಾಕುತ್ತಾರೆ, ಕೊನೆಗೆ ಉಳಿದದ್ದನ್ನು ಬರುವ ವರ್ಷಕ್ಕೆ ಗಡಿಗೆಯಲ್ಲಿ ಎತ್ತಿಡುತ್ತಾರೆ. ಅಡಿಕೆ ಸುಲಿಯುವ ಹೆಂಗಸರ ಬೆರಳು ಕತ್ತಿಗೆ ಸಿಕ್ಕಿದರೆ ಓಡಿ ಬರುತ್ತಿದ್ದದ್ದು ಗಾದ್ರಪ್ಪನ ಗಡಿಗೆ ಹತ್ತಿರಕ್ಕೇ. ಅವನು ಹಳೇ ಚೊಗರಿನಲ್ಲಿ ಬಟ್ಟೆ ಅದ್ದಿ ಬೆರಳಿಗೆ ಸುತ್ತುತ್ತಿದ್ದ. ರಕ್ತ ಗಪ್ಪನೆ ನಿಲ್ಲುತ್ತಿತ್ತು.

"ನಮ್ಮ ಡಾಕ್ಟ್ರು!" ಅಂತ ಹೆಂಗಸರು ನಗುತ್ತಿದ್ದರು.

ಊರಿನವರ ಗಾಯಕ್ಕೆಲ್ಲ ಚೊಗರು ಹಚ್ಚಿದ ಮನುಷ್ಯ ತನ್ನ ನೋವಿಗೂ ಅದನ್ನೇ ಹಚ್ಚಿಕೊಂಡ. ಈ ಕಥೆ ಅಷ್ಟೇ. ಆದರೆ ಅಷ್ಟೇ ಅಂದುಬಿಟ್ಟರೆ ಕರಿಬಸಮ್ಮನಿಗೆ ಅನ್ಯಾಯ ಆಗುತ್ತದೆ. ಅದಕ್ಕೆ ಮೊದಲಿಂದ ಹೇಳಬೇಕು.

ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ಗಾದ್ರಪ್ಪನಿಗೆ ಮದುವೆ ಆಯಿತು. ಹುಡುಗನಿಗೆ ಇಪ್ಪತ್ತೈದು, ಹೆಣ್ಣಿಗೆ ಇಪ್ಪತ್ತು. ಹೊನ್ನಾಳಿ ಕಡೆಯವಳು ಕರಿಬಸಮ್ಮ, ಹೊಳೆ ದಂಡೆಯ ಊರು. ಗಾದ್ರಪ್ಪನ ತಾಯಿ ದ್ಯಾಮಮ್ಮನೇ ಹೋಗಿ ನೋಡಿ, ಎಮ್ಮೆ ಹಾಲು ಕರೆಯಲು ಹಚ್ಚಿ, ಕೈ ಚುರುಕು ಐತೆ ಅಂತ ಒಪ್ಪಿಕೊಂಡು ಬಂದಿದ್ದಳು.

ಗಾದ್ರಪ್ಪನ ಗುಟ್ಟು ತಾಯಿಗೂ ಗೊತ್ತಿರಲಿಲ್ಲ. ಗಂಡಸಿನ ಮುಂದೊಗಲು ಹಿಂದಕ್ಕೆ ಸರಿಯಬೇಕು. ಅವನಿಗೆ ಸರಿಯುತ್ತಿರಲಿಲ್ಲ. ಕಟ್ಟಿದ ಚೀಲದ ಬಾಯಿಯಂತೆ ಬಿಗಿಯಾಗಿ ತುದಿಗೆ ಮುಚ್ಚಿಕೊಂಡಿತ್ತು. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದ. ಯಾರನ್ನು ಕೇಳಬೇಕು? ಮದುವೆಯಾದ ಮೇಲೆ ನೋವಾಯಿತು, ತೊಗಲು ಸೀಳಿತು, ರಕ್ತ ಬಂತು. ಗಂಡ ಹೆಂಡತಿ ಇಬ್ಬರೂ ಹೆದರಿದರು. ಹೆಂಡತಿ ಅವನ ಮುಖ ನೋಡಿದಳು, ಅವನು ಗೋಡೆ ನೋಡಿದ.

"ಕಾವು," ಅಂದ. "ಒಲೆ ಮುಂದೆ ನಿಂತೂ ನಿಂತೂ ಮೈಗೆ ಉಷ್ಣ ಆಗೈತೆ."

ಮಾರನೆಯ ದಿನ ಒಂದು ಸಣ್ಣ ಗಡಿಗೆಯಲ್ಲಿ ಹಳೇ ಚೊಗರು ತಂದು ಬಚ್ಚಲ ಹಿಂದೆ ಇಟ್ಟುಕೊಂಡ. ಬಟ್ಟೆ ಅದ್ದಿ ಸುತ್ತಿಕೊಂಡ. ಉರಿ ನಿಂತಿತು. ನಾಲ್ಕು ದಿನಕ್ಕೆ ಸೀಳು ಕೂಡಿಕೊಂಡಿತು. ಕೂಡಿಕೊಂಡಾಗ ಬಾಯಿ ಮೊದಲಿಗಿಂತ ಚಿಕ್ಕದಾಗಿತ್ತು. ಅದು ಅವನಿಗೆ ತಿಳಿಯಲಿಲ್ಲ. ಮತ್ತೆ ಸೀಳಿತು, ಮತ್ತೆ ಹಚ್ಚಿದ. ಒಂದು ವರ್ಷ ತುಂಬುವುದರೊಳಗೆ ಕರಿಬಸಮ್ಮನ ಚಾಪೆ ಅಡಿಗೆ ಮನೆಗೆ ಹೋಯಿತು.

ಮಕ್ಕಳಾಗಲಿಲ್ಲ. ಆಗುವುದಾದರೂ ಹೆಂಗೆ? ಆದರೆ ಕಣದಲ್ಲಿ ಸುಲಿಯುವ ಹೆಂಗಸರ ಬಾಯಿಗೆ ಅದು ಸಿಕ್ಕಿತು.

"ಏನೇ ಕರಿಬಸೀ, ಎಮ್ಮೆ ಈದೈತಂತೆ. ನೀನ್ಯಾವಾಗ?"

"ನಿನ್ನ ನಾಲಿಗೆ ಈಯೋದು ನಿಲ್ಲಲಿ, ಆಮ್ಯಾಲೆ," ಅಂತ ಕರಿಬಸಮ್ಮ ಕತ್ತಿಯಿಂದ ಕಣ್ಣೆತ್ತದೆ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಹೋದರೆ ಅತ್ತೆ. ದ್ಯಾಮಮ್ಮ ಸೊಸೆಯನ್ನು ಕರೆದುಕೊಂಡು ಹೋಗದ ಗುಡಿಯಿಲ್ಲ, ಕಟ್ಟಿಸದ ತಾಯಿತವಿಲ್ಲ. ಒದ್ದೆ ಸೀರೆಯಲ್ಲಿ ಸುತ್ತು ಹಾಕಿಸಿದಳು, ಬೇವಿನ ಕಷಾಯ ಕುಡಿಸಿದಳು, ಸೋಮವಾರ ಉಪವಾಸ ಕೆಡವಿದಳು. ಎಲ್ಲವನ್ನೂ ಸೊಸೆ ಮಾಡಿದಳು. "ನಿಮ್ಮ ಮಗನ್ನ ಕೇಳ್ರಿ" ಅನ್ನೋ ಮೂರು ಮಾತು ಅವಳ ಬಾಯಿಂದ ಬರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದು ಯಾರಿಗೂ ಕಾಣದ್ದು. ಗಂಡನ ಪಂಚೆ, ಲಂಗೋಟಿಗಳಲ್ಲಿ ಚೊಗರಿನ ಕೆಂಪಿನ ಜೊತೆ ಹಳದಿ ಕಲೆ ಇರುತ್ತಿತ್ತು, ವಾಸನೆ ಇರುತ್ತಿತ್ತು. ತೊಗಲಿನ ಒಳಗೆ ನೀರು ಹೋಗಿ ತೊಳೆಯುವ ಹಾಗೇ ಇಲ್ಲದಿದ್ದ ಮೇಲೆ ಒಳಗಿನ ಕಶ್ಮಲ ಅಲ್ಲೇ ಕೊಳೆತು ಕೀವಾಗುತ್ತಿತ್ತು. ಅತ್ತೆಯ ಕಣ್ಣಿಗೆ ಬೀಳಬಾರದು ಅಂತ ಕರಿಬಸಮ್ಮ ಹಿಂದಿನ ಬಾವಿಯ ಹತ್ತಿರ ಎಲ್ಲರಿಗಿಂತ ಮೊದಲು ಹೋಗಿ ಒಗೆದುಕೊಂಡು ಬರುತ್ತಿದ್ದಳು.

ಹಂಡೆಗಳಿಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಲು ಬರುತ್ತಿದ್ದವನು ಲಾಲ್‌ಸಾಬ್. ಮಾತಿನ ಮಲ್ಲ. ತಿದಿ ಒತ್ತುತ್ತಾ ಒತ್ತುತ್ತಾ ಇಡೀ ತಾಲ್ಲೂಕಿನ ಸುದ್ದಿ ಹೇಳುವವನು. ಮೂವತ್ತೆಂಟನೇ ಇಸವಿಯಲ್ಲಿರಬೇಕು, ಕಣದ ಗೋಡೆ ಹಿಂದೆ ಅವನೂ ಗಾದ್ರಪ್ಪನೂ ಒಂದೇ ಹೊತ್ತಿಗೆ ಉಚ್ಚೆಗೆ ಹೋದರು. ಲಾಲ್‌ಸಾಬ್ ಎದ್ದು ಬಂದು ಬೀಡಿ ಹಚ್ಚಿ, ಸೇದಿ, ಎಸೆದ ಮೇಲೂ ಗಾದ್ರಪ್ಪ ಅಲ್ಲೇ ಕೂತಿದ್ದ. ತಿಣುಕುವ ಸದ್ದು. ಹನಿ ಹನಿ.

ಹೊರಗೆ ಬಂದವನ ಹಣೆಯಲ್ಲಿ ಬೆವರು ನೋಡಿ ಲಾಲ್‌ಸಾಬ್ ಕೇಳಿಯೇಬಿಟ್ಟ. "ಗಾದ್ರಣ್ಣ, ಎಷ್ಟು ದಿನದಿಂದ ಹಿಂಗೆ?"

"ಉಷ್ಣ, ಸಾಬ್ರೇ."

"ಮೊದ್ಲು ತುದಿ ಬುಗ್ಗೆಯಂಗೆ ಉಬ್ಬಿ, ಆಮ್ಯಾಲೆ ಹನಿ ಬೀಳ್ತದೇನು?"

ಗಾದ್ರಪ್ಪ ಪಂಚೆ ಬಿಗಿ ಮಾಡಿಕೊಂಡ. ತನ್ನ ಪಂಚೆಯೊಳಗಿನದು ಇವನಿಗೆ ಹೆಂಗೆ ಗೊತ್ತಾಯಿತು?

"ಉಷ್ಣ ಅಲ್ಲ ಇದು. ತೊಗಲು ಬಿಗಿ ಐತೆ. ನಮ್ಮಲ್ಲಿ ಇದನ್ನ ತೆಗೆದೇಬಿಡ್ತಾರೆ, ಅದ್ಕೆ ನಮಗೆ ಗೊತ್ತು. ನಾನೇನು ನಮ್ಮ ಹಜಾಮನ ಹತ್ರ ಹೋಗು ಅನ್ನಲ್ಲ. ಊರಲ್ಲಿ ಗಲಾಟೆ ಆದೀತು. ಶಿವಮೊಗ್ಗೆಗೆ ಹೋಗು, ದೊಡ್ಡ ಆಸ್ಪತ್ರೆ ಐತೆ. ಕತ್ತರಿಸಿ ಎರಡು ಹೊಲಿಗೆ ಹಾಕಿ ಕಳಿಸ್ತಾರೆ."

"ಕತ್ತರಿಸಿಕೊಂಡ್ರೆ ನಾನೂ ನಿಮ್ಮವನೇ ಆದಂಗಲ್ಲ?"

ಲಾಲ್‌ಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮವನಾಗಾಕೆ ಅಷ್ಟೇ ಸಾಕಾ? ಕೋಳಿಮೊಟ್ಟೆ ಕಂಡ್ರೆ ಮೂಗು ಮುಚ್ಕೊಳ್ಳೋ ನಿನ್ನ ತಗೊಂಡು ನಾವೇನು ಮಾಡಾನ? ಗಾದ್ರಣ್ಣ, ಹಂಡೆ ತಳ ಹಸಿರುಗಟ್ಟಿದ್ರೆ ಕೆರೆದು ಕಲಾಯಿ ಹಾಕಿಸ್ತೀಯಲ್ಲ, ಹಂಡೆ ಜಾತಿ ಕೆಡ್ತದೇನು?"

ಗಾದ್ರಪ್ಪನೂ ನಕ್ಕ. ಆದರೆ ಎದೆಯಲ್ಲಿ ಒಂದು ಹೆದರಿಕೆ ಕೂತಿತು. ಬದುಕಿರುವಾಗ ಪಂಚೆ ಮುಚ್ಚುತ್ತದೆ. ಸತ್ತ ಮೇಲೆ? ಲಿಂಗವಂತರಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕೂರಿಸಿ, ಎಡಗೈಗೆ ಲಿಂಗ ಕೊಟ್ಟು ಮಣ್ಣು ಮಾಡುತ್ತಾರೆ. ಮೈ ತೊಳೆಯುವವರು ನೋಡಿ "ಇವನು ತುರುಕರ ಗುರುತು ಹೊತ್ತವನು" ಅಂದುಬಿಟ್ಟರೆ? ಲಿಂಗ ಕಿತ್ತುಕೊಂಡು ಹೊರಗೆ ಹಾಕಿದರೆ?

ಊರಿನ ಹೆಣಗಳಿಗೆಲ್ಲ ಸ್ನಾನ ಮಾಡಿಸುತ್ತಿದ್ದವರು ಪಂಚಾಕ್ಷರಪ್ಪ ಅನ್ನುವ ಅಯ್ಯನವರು. ಗಾದ್ರಪ್ಪ ಅವರ ಕಟ್ಟೆಗೆ ಹೋಗಿ, ಇಪ್ಪತ್ತು ಅಡಿಕೆ ಇಟ್ಟು, ಸುತ್ತಿ ಬಳಸಿ ಕೇಳಿದ. "ಅಯ್ಯನೋರೆ, ಮೈ ತೊಳೆಯೋವಾಗ ನಿಮಗೆ ಎಲ್ಲಾ ಕಾಣ್ತದಾ?"

ಅಯ್ಯನವರು ಮೀಸೆ ನೀವಿಕೊಂಡರು. ಅವರಿಗೆ ಪ್ರವಚನದ ಮಾತೆಂದರೆ ಪ್ರೀತಿ. "ಎಲ್ಲಾ ಕಾಣ್ತದಪ್ಪ! ಬದುಕಿದ್ದಾಗ ಮುಚ್ಚಿಟ್ಟಿದ್ದು ಒಂದೂ ಉಳಿಯಾಂಗಿಲ್ಲ. ಆವತ್ತು ಎಲ್ಲಾ ಬಯಲು."

ಅವರು ಹೇಳಿದ್ದು ಪಾಪ ಪುಣ್ಯದ ಮಾತು. ಗಾದ್ರಪ್ಪನಿಗೆ ಕೇಳಿಸಿದ್ದು ತನ್ನ ಪಂಚೆಯ ಮಾತು. ಆಸ್ಪತ್ರೆಯ ದಾರಿ ಅಲ್ಲಿಗೆ ಮುಚ್ಚಿತು. ಮನೆಗೆ ಬಂದು ಗಡಿಗೆಗೆ ಹೊಸ ಚೊಗರು ತುಂಬಿಸಿದ. ಉಚ್ಚೆಗೆ ಹೋದರೆ ತಾನೇ ನೋವು ಅಂತ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ. ಮೂರು ಒಲೆಗಳ ಮುಂದೆ ನಿಲ್ಲುವ ಮನುಷ್ಯ ದಿನಕ್ಕೆ ಎರಡು ಲೋಟ ನೀರಿನಲ್ಲಿ ಬದುಕಿದ. ಉಚ್ಚೆ ಗಟ್ಟಿಯಾಯಿತು, ಒಳಗೆ ನಿಂತಿತು, ಜ್ವರ ಬಂದು ಬಂದು ಹೋಯಿತು.

ನಲವತ್ತರಲ್ಲಿ ದ್ಯಾಮಮ್ಮ ಇನ್ನೊಂದು ಹೆಣ್ಣು ಗೊತ್ತು ಮಾಡಿಕೊಂಡು ಬಂದಳು. ಜಗಳೂರು ಕಡೆ ತನ್ನ ಅಣ್ಣನ ಮನೆಯ ಸಂಬಂಧ, ರುದ್ರಾಣಿ ಅಂತ, ಇಪ್ಪತ್ತೆರಡು ತುಂಬಿದ ಗಟ್ಟಿ ಹೆಣ್ಣು. ಕರಿಬಸಮ್ಮನನ್ನು ಹೊನ್ನಾಳಿಗೆ ಕಳಿಸುವುದು ಅಂತ ತೀರ್ಮಾನ.

ಕರಿಬಸಮ್ಮ ನೇರ ಕಣಕ್ಕೆ ಬಂದಳು. ಹಂಡೆ ಕುದಿಯುತ್ತಿತ್ತು. ಆವಿಯ ಆಚೆ ಗಂಡ.

"ನಾನು ಹೋಗ್ತೀನ್ರೀ. ನಮ್ಮಣ್ಣನ ಮನೆ ಕೊಟ್ಟಿಗೆ ಬಳಕೊಂಡಿರ್ತೀನಿ. ಆದ್ರೆ ಆ ಹುಡುಗಿ ಚಾಪೆ ಎಲ್ಲಿ ಹಾಕಿಸ್ತೀರಿ? ಅಡಿಗೆ ಮನೆಯಾಗೆ ಇಬ್ಬರಿಗೆ ಜಾಗ ಇಲ್ಲ."

ಗಾದ್ರಪ್ಪನ ಕೈಯಲ್ಲಿದ್ದ ಸೌಟು ನಿಂತಿತು. ಆವತ್ತು ಒಂದು ಹಂಡೆ ಮೊದಲ ಸಲ ಹದ ಮೀರಿ ಕಪ್ಪಾಯಿತು. ಮನೆಗೆ ಹೋಗಿ ತಾಯಿಯ ಮುಂದೆ ನಿಂತು, "ಅವ್ವಾ, ದೋಷ ಅವಳದ್ದಲ್ಲ. ನಂದು. ಜಗಳೂರಿನೋರಿಗೆ ಬ್ಯಾಡ ಅಂತ ಹೇಳಿಕಳಿಸು" ಅಂದ.

"ಎಂಥಾ ದೋಷನೋ?"

"ನಂದು ಅಂದ್ನಲ್ಲವ್ವ!"

ಮಗ ಕೂಗಿದ್ದನ್ನು ದ್ಯಾಮಮ್ಮ ಕೇಳಿದ್ದೇ ಆವತ್ತು. ಅಷ್ಟಕ್ಕೆ ಸಂಬಂಧ ತಪ್ಪಿತು. ಆದರೆ ಸೊಸೆ ಮಗನಿಗೆ ಮದ್ದು ಹಾಕಿದ್ದಾಳೆ ಅಂತ ಮುದುಕಿ ಸಾಯುವವರೆಗೂ ನಂಬಿದ್ದಳು. ಗಾದ್ರಪ್ಪ ಅರ್ಧ ಸತ್ಯ ಹೇಳಿದ್ದ. ಉಳಿದ ಅರ್ಧ ಅವನ ಮೈಯಲ್ಲೇ ಬೆಳೆಯಿತು.

ಅದು ಮೊದಲು ತೊಗಲಿನ ಕೆಳಗೆ ಗೋಲಿಯಂಥ ಗಂಟು. ಗಂಟು ಒಡೆದು ಹುಣ್ಣಾಯಿತು. ಚೊಗರಿಗೆ ಹುಣ್ಣು ಬಗ್ಗಲಿಲ್ಲ. ವಾಸನೆ ಮುಚ್ಚಲು ಪಂಚೆಗೆ ಕರ್ಪೂರ ಕಟ್ಟಿಕೊಂಡ. "ಗಾದ್ರಣ್ಣ ಬಂದ್ರೆ ಗುಡಿ ಬಂದಂಗೆ ಆಗ್ತದೆ" ಅಂತ ಹೆಂಗಸರು ಚೇಷ್ಟೆ ಮಾಡಿದರು. ಒಬ್ಬಳು ಮಾತ್ರ ನಗಲಿಲ್ಲ.

ನಲವತ್ತೈದರ ಕಾರ್ತೀಕ. ಕಣದಲ್ಲಿ ಅಡಿಕೆ ಬೆಟ್ಟದಂತೆ ಬಿದ್ದಿತ್ತು. ಬೆಳಿಗ್ಗೆ ಗೋಡೆ ಹಿಂದೆ ಹೋದ ಗಾದ್ರಪ್ಪನಿಗೆ ಒಂದು ಹನಿಯೂ ಬೀಳಲಿಲ್ಲ. ಮಧ್ಯಾಹ್ನಕ್ಕೂ ಇಲ್ಲ. ಮಾರನೆಯ ದಿನ ಹೊಟ್ಟೆಯ ಕೆಳಭಾಗ ತಮಟೆಯಂತೆ ಬಿಗಿಯಿತು. ಅವನು ಒಲೆಯ ಪಕ್ಕ ನೆಲಕ್ಕೆ ಒರಗಿ ಮುಷ್ಟಿಯಿಂದ ನೆಲ ಗುದ್ದುತ್ತಿದ್ದ. ನಾಗರಾಜಪ್ಪನವರು ಬಂದು, "ಏನಾಯ್ತೋ? ಯಾರಾದ್ರೂ ಪಂಡಿತರನ್ನ ಕರೀರಿ" ಅಂದರು. "ಬ್ಯಾಡ್ರೀ ಸಾವ್ಕಾರ್ರೇ, ಉಷ್ಣ" ಅಂದ. ಆಗಲೂ!

ಕರಿಬಸಮ್ಮ ಯಾರಿಗೂ ಹೇಳದೆ ಲಾಲ್‌ಸಾಬನ ಮನೆಗೆ ಓಡಿದಳು. ಅಷ್ಟು ವರ್ಷದಲ್ಲಿ ಅವಳು ಆ ಓಣಿಗೆ ಕಾಲಿಟ್ಟವಳಲ್ಲ. ಬಾಗಿಲಲ್ಲಿ ಲಾಲ್‌ಸಾಬನ ಹೆಂಡತಿ ಸೈದಾಬೀ ಅಕ್ಕಿ ಆರಿಸುತ್ತಿದ್ದಳು.

"ಅಕ್ಕಾ, ನನ್ನ ಗಂಡಗೆ..." ಅಂದವಳಿಗೆ ಮುಂದೆ ಬಾಯಿ ಬರಲಿಲ್ಲ. ಹನ್ನೆರಡು ವರ್ಷ ನುಂಗಿದ ಮಾತು ಒಂದೇ ಸಲಕ್ಕೆ ಹೆಂಗೆ ಬಂದೀತು?

"ಗೊತ್ತೈತವ್ವ," ಅಂದಳು ಸೈದಾಬೀ, ಮೊರ ಕೆಳಗಿಟ್ಟು. "ನಮ್ಮನೆಯೋರು ಏಳು ವರ್ಷದಿಂದ ಹೇಳ್ತಾನೇ ಅವ್ರೆ. ನಡಿ, ಬಸ್ಸು ಹೋದೀತು."

ಲಾಲ್‌ಸಾಬ್ ಗಾದ್ರಪ್ಪನನ್ನು ಎತ್ತಿಕೊಂಡು ಹೋಗಿ ಶಿವಮೊಗ್ಗೆಯ ಬಸ್ಸಿಗೆ ಹತ್ತಿಸಿ, ಕರಿಬಸಮ್ಮನ ಜೊತೆ ತಾನೂ ಹತ್ತಿದ. ಯುದ್ಧ ಮುಗಿದಿದ್ದರೂ ಬಸ್ಸುಗಳು ಇನ್ನೂ ಇದ್ದಿಲಿನಲ್ಲೇ ಓಡುತ್ತಿದ್ದವು. ಹಿಂದೆ ಕಟ್ಟಿದ ಪೀಪಾಯಿಗೆ ಇದ್ದಿಲು ತುಂಬಿ, ಗಾಳಿ ತಿರುಗಿಸಿ, ಹೊಗೆ ಬಂದ ಮೇಲೆ ಗಾಡಿ ಹೊರಡಬೇಕು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. ಪ್ರತಿ ಗುಂಡಿಗೂ ಗಾದ್ರಪ್ಪ ಬಲಿಗೆ ಹಿಡಿದ ಪ್ರಾಣಿಯಂತೆ ಒದರಿದ. ಬಸ್ಸಿನ ಜನ ತಿರುಗಿ ತಿರುಗಿ ನೋಡಿದರು. ದಾರಿಯಲ್ಲಿ ಇದ್ದಿಲು ಹಾಕಲು ನಿಂತಾಗ ಅವನು ಹೆಂಡತಿಯ ಸೆರಗು ಹಿಡಿದುಕೊಂಡ.

"ಕರಿಬಸೀ, ಇಳಿಸೇ. ಇಲ್ಲೇ ಯಾವುದಾದ್ರೂ ಮರದ ಕೆಳಗೆ ಬಿಟ್ಟುಬಿಡು. ಕತ್ತರಿಸಿಕೊಂಡು ಸಾಯೋದು ಬ್ಯಾಡ. ಮೈ ತೊಳೆಯೋರು ಏನಂತಾರೆ?"

ಲಾಲ್‌ಸಾಬ್ ಮುಖ ಆಚೆ ತಿರುಗಿಸಿದ. ಕರಿಬಸಮ್ಮ ಸೆರಗು ಬಿಡಿಸಿಕೊಂಡಳು. ಬಸ್ಸಿನ ಜನರೆಲ್ಲ ಕೇಳುವ ಹಾಗೆ, ಜೀವಮಾನದಲ್ಲಿ ಮೊದಲ ಸಲ, ಗಂಡನಿಗೆ ಬೈದಳು.

"ಸತ್ತ ಮ್ಯಾಲೆ ಒಂದು ದಿನ ತೊಳೆಯೋರ ಚಿಂತೆ ಐತಲ್ಲ ನಿಮಗೆ! ಹನ್ನೆರಡು ವರ್ಷ ದಿನಾ ನಿಮ್ಮ ಕೀವು ತೊಳೆದೋಳು ಏನಂದಾಳು ಅಂತ ಒಂದಿನಾನಾದ್ರೂ ಅನ್ನಿಸ್ತಾ? ಬಂಜೆ ಅನ್ನಿಸಿಕೊಂಡೆ. ಮದ್ದು ಹಾಕಿದೋಳು ಅನ್ನಿಸಿಕೊಂಡೆ. ಇವತ್ತು ಮುಂಡೆ ಅನ್ನಿಸಿಕೊಳ್ಳಾಕೆ ನಾನು ತಯಾರಿಲ್ಲ. ಸುಮ್ಕೆ ಕೂತ್ಕೊಳ್ರಿ!"

ಗಾದ್ರಪ್ಪ ಸುಮ್ಮನೆ ಕೂತ. ಶಿವಮೊಗ್ಗೆ ಬರುವವರೆಗೂ ಒದರಲಿಲ್ಲ. ತುಟಿ ಕಚ್ಚಿ ರಕ್ತ ಬಂದಿತ್ತು.

ಆಸ್ಪತ್ರೆಯ ಡಾಕ್ಟರು ಕನ್ನಡಕ ಹಾಕಿದ ವಯಸ್ಸಾದ ಮನುಷ್ಯ. ಮೊದಲು ತೊಗಲನ್ನು ಸೀಳಿ ಉಚ್ಚೆ ಬಿಡಿಸಿದರು. ಬಂದದ್ದು ಒಂದು ಬೋಗುಣಿ ತುಂಬ, ರಕ್ತ ಬೆರೆತದ್ದು. ತೊಗಲಿನ ಒಳಗೆ ಜೋಳದ ಕಾಳಿನಷ್ಟು ಎರಡು ಹರಳು ಸಿಕ್ಕವು. ಅದರ ಹಿಂದೆ ಹೂಕೋಸಿನಂತೆ ಬೆಳೆದ ದುರ್ಮಾಂಸ. ಡಾಕ್ಟರು ತೊಡೆಯ ಸಂದಿಯ ಗಂಟುಗಳನ್ನು ಮುಟ್ಟಿ ನೋಡಿ, ಕೈ ತೊಳೆದುಕೊಂಡು ಬಂದರು.

"ಏನು ಹಚ್ಚುತ್ತಿದ್ದೆ?"

"ಚೊಗರು, ಸ್ವಾಮಿ."

"ಚಕ್ಕಳ ಹದ ಮಾಡುವವರು ತಂಗಡಿ ಗಿಡದ ಚಕ್ಕೆಯ ನೀರಿನಲ್ಲಿ ತೊಗಲು ನೆನೆಹಾಕಿ ಗಟ್ಟಿ ಮಾಡೋದು ನೋಡಿದ್ದೀಯಾ? ನಿನ್ನ ಮೈಯ ತೊಗಲಿಗೆ ನೀನೂ ಅದನ್ನೇ ಮಾಡಿದ್ದೀಯಪ್ಪ. ಹಳೇ ಬಿಗಿ ಒಂದು ಕಡೆ, ಇದು ಇನ್ನೊಂದು ಕಡೆ. ತೊಗಲು ಸರಿಯಲಿಲ್ಲ, ಒಳಗೆ ತೊಳೆಯಲಿಲ್ಲ, ಹುಣ್ಣು ವರ್ಷಗಟ್ಟಲೆ ಕೊಳೆಯಿತು. ಇಂಥದ್ದರಲ್ಲೇ ಈ ಕ್ಯಾನ್ಸರ್ ಕಾಯಿಲೆ ಬೇರು ಬಿಡೋದು."

"ಮದುವೆ ಆದಾಗ್ಲೇ ಬಂದಿದ್ರೆ?" ಅಂತ ಕೇಳಿದ್ದು ಕರಿಬಸಮ್ಮ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅರ್ಧ ಗಂಟೆಯ ಕೆಲಸ ಇತ್ತಮ್ಮ. ಎರಡು ವಾರಕ್ಕೆ ಮಾಯುತ್ತಿತ್ತು. ಮಕ್ಕಳೂ ಆಗುತ್ತಿದ್ದವು."

ಅವಳು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತಳು. ಅರ್ಧ ಗಂಟೆ! ಒಂದು ಹಂಡೆ ಅಡಿಕೆ ಬೇಯುವಷ್ಟೂ ಹೊತ್ತಲ್ಲ.

ಈಗ ತೊಗಲು ಮಾತ್ರ ತೆಗೆದರೆ ಸಾಲದು, ಅಂಗವನ್ನೇ ಅರ್ಧ ತೆಗೆಯಬೇಕು, ಆದರೂ ರೋಗ ಸಂದಿಯ ಗಂಟಿಗೆ ಹೋಗಿದ್ದರೆ ಬದುಕಿನ ಭರವಸೆ ಕೊಡಲಾರೆ ಅಂದರು. ಗಾದ್ರಪ್ಪ ಹೆಂಡತಿಯ ಕಡೆ ನೋಡಿದ. ಈ ಸಲ ಗೋಡೆ ನೋಡಲಿಲ್ಲ.

"ನೀನು ಏನಂತೀಯೇ?"

"ಮನೆಗೆ ಬರ್ರಿ. ಅಷ್ಟೇ ನಂಗೆ ಬೇಕಾಗಿರೋದು."

ಕತ್ತರಿಸಿದರು. ಮನೆಗೆ ಬಂದ. ಒಂದೂವರೆ ವರ್ಷ ಬದುಕಿದ. ಚಾಪೆ ಅಡಿಗೆ ಮನೆಯಿಂದ ನಡುಮನೆಗೆ ಬಂತು. ಬರೀ ಪಕ್ಕದಲ್ಲಿ ಮಲಗಲು. ಅವಳಿಗೆ ಅದೂ ಮೊದಲ ಸಲ ಸಿಕ್ಕ ಸಂಸಾರ.

ಒಲೆಯ ಕೆಲಸ ಬಿಟ್ಟರೂ ಗಾದ್ರಪ್ಪ ಕಣಕ್ಕೆ ಬಂದು ಕೂರುತ್ತಿದ್ದ. ನಾಚಿಕೆ ಎಲ್ಲಿ ಹೋಯಿತೋ. ಹೊಸದಾಗಿ ಮದುವೆಯಾದ ಗಂಡಸರು ಸಿಕ್ಕರೆ ಹತ್ತಿರ ಕರೆದು ಕೇಳಿಯೇಬಿಡುವನು. "ತೊಗಲು ಸರೀತದೇನಪ್ಪಾ? ನಗಬ್ಯಾಡ. ಸರೀದಿದ್ರೆ ಎಳೆಯಾಕೆ ಹೋಗಬ್ಯಾಡ, ಏನೂ ಹಚ್ಚಬ್ಯಾಡ. ನಾಳೆನೇ ಆಸ್ಪತ್ರೆಗೆ ನಡಿ." ಕೆಲವರು ಗಾದ್ರಣ್ಣನಿಗೆ ತಲೆ ಕೆಟ್ಟಿದೆ ಅಂದರು. ಮಲ್ಲಿಕಾರ್ಜುನಪ್ಪ ಅನ್ನುವ ಅಡಿಕೆ ತೂಗುವವನು ಮಾತ್ರ ನಗಲಿಲ್ಲ. ಮಾರನೆಯ ದಿನ ತಕ್ಕಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಸ್ಸು ಹತ್ತಿದ. ಎರಡು ವಾರಕ್ಕೆ ವಾಪಸು ಬಂದು ತಕ್ಕಡಿ ಹಿಡಿದ.

ನಲವತ್ತೇಳರ ಬೇಸಿಗೆಯಲ್ಲಿ ಸಂದಿಯ ಗಂಟುಗಳು ಒಡೆದವು. ಕೊನೆಯ ದಿನಗಳನ್ನು ಹೇಳುವುದು ಬೇಡ. ಗಾದ್ರಪ್ಪ ನರಳುತ್ತಲೇ ಒಂದೇ ಮಾತು ಕೇಳುತ್ತಿದ್ದ. "ಲಿಂಗ ಕೊಡ್ತಾರೇನೇ? ನೋಡಿದ್ ಮ್ಯಾಲೂ ಕೊಡ್ತಾರೇನೇ?"

"ಕೊಡ್ತಾರೆ," ಅನ್ನುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ.

ಹೆಣವನ್ನು ಅಂಗಳದಲ್ಲಿ ಹಲಗೆಯ ಮೇಲೆ ಇಟ್ಟರು. ಪಂಚಾಕ್ಷರಪ್ಪ ಅಯ್ಯನವರು ಬಂದರು. ನಾಲ್ಕು ಜನ ಗಂಡಸರು ಸೀರೆ ಮರೆ ಹಿಡಿದರು. ಕರಿಬಸಮ್ಮ ಬಾಗಿಲಲ್ಲಿ ನಿಂತು ನೀರು ಬೀಳುವ ಸದ್ದನ್ನೇ ಕೇಳಿದಳು. ಈಗ ಅಂದಾರು, ಈಗ ಕೂಗಿಯಾರು ಅಂತ ಉಸಿರು ಹಿಡಿದು ಕಾದಳು. ಯಾರೂ ಕೂಗಲಿಲ್ಲ. ಮರೆ ಸರಿಸಿದಾಗ ಗಾದ್ರಪ್ಪ ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದ. ಎಡಗೈಯಲ್ಲಿ ಲಿಂಗವಿತ್ತು.

ಮಣ್ಣು ಮಾಡಿ ಬಂದ ಮೇಲೆ ಅಯ್ಯನವರು ಕಾಲು ತೊಳೆಯುತ್ತಿದ್ದಾಗ ಅವಳು ತಂಬಿಗೆ ಹಿಡಿದು ಕೇಳಿದಳು.

"ಅಯ್ಯನೋರೆ, ನೋಡಿದ್ರಾ?"

"ಏನವ್ವಾ?"

"ಮೈ ತೊಳೆಯೋವಾಗ. ಅವರಿಗೆ ಕತ್ತರಿಸಿದ್ರು. ನೋಡಿ ಸುಮ್ನಿದ್ರಾ?"

ಅಯ್ಯನವರಿಗೆ ಏನೂ ತಿಳಿಯಲಿಲ್ಲ. "ಸೊಂಟಕ್ಕೆ ಬಟ್ಟೆ ಹೊದಿಸಿಯೇ ನೀರು ಹಾಕೋದಲ್ಲೇನವ್ವ. ಮೂವತ್ತು ವರ್ಷದಾಗೆ ಎಷ್ಟು ಹೆಣ ತೊಳೆದೀನಿ, ಬಟ್ಟೆ ಸರಿಸಿ ನೋಡಿದೋನಲ್ಲ. ಸತ್ತೋರ ಮಾನ ಯಾರಾದ್ರೂ ನೋಡ್ತಾರಾ?"

ತಂಬಿಗೆ ಕೈಯಿಂದ ಜಾರಿತು. ಕರಿಬಸಮ್ಮ ಅದನ್ನು ಎತ್ತಲಿಲ್ಲ. ಬಚ್ಚಲ ಹಿಂದೆ ಹೋದಳು. ಸಣ್ಣ ಗಡಿಗೆ ಅಲ್ಲೇ ಇತ್ತು, ಹಳೇ ಚೊಗರು ಮೇಲೆ ಕೆನೆಗಟ್ಟಿತ್ತು. ಎರಡೂ ಕೈಯಿಂದ ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಗೋಡೆಯೆಲ್ಲ ಕೆಂಪಾಯಿತು. ಗಂಡ ಸತ್ತಾಗ ಅಳದಿದ್ದವಳು ಆಗ ಅಳಲು ಶುರು ಮಾಡಿದಳು. ಓಣಿಯ ಹೆಂಗಸರು ಓಡಿ ಬಂದರು.